ಚಕ್ರಕ್ಕೆ ಕಲ್ಲು

ಕರಾವಳಿಯವರಿಗೆ ಗೇರು ಎಂದರೆ ಒಂದು ಮರ. ಅದರ ಬೀಜ ಪಾಯಸಕ್ಕೆ ಬೀಳುತ್ತದೆ. ಘಟ್ಟದ ಮೇಲಿನವರಾದ ನಮಗೆ ಆ ಬೀಜ ಗೋಡಂಬಿ. ಗೇರು ಎಂದರೆ ಕಾರಿನಲ್ಲಿ ಎಡಗೈಗೆ ಸಿಗುವ ಸಲಾಕೆ. ಈಚೆಗೆ ಆ ಸಲಾಕೆಯ ಕೆಲಸವೂ ಕಡಿಮೆಯಾಗಿದೆ, ಕ್ಲಚ್ಚಿನ ಪೆಡಲು ಮಾಯವಾಗಿದೆ. ನಿಲ್ಲಿಸಿಡಲು ಪಿ, ಹಿಂದಕ್ಕೆ ಆರ್, ಎರಡೂ ಬೇಡವೆಂದರೆ ಎನ್, ಮುಂದಕ್ಕೆ ಡಿ. ಈ ನಾಲ್ಕಕ್ಷರದ ವರ್ಣಮಾಲೆ ಬಲ್ಲವನು ಕಾರು ಓಡಿಸಬಹುದು. ನಲವತ್ತೊಂಬತ್ತು ಅಕ್ಷರಗಳ ಭಾಷೆಯನ್ನು ಕಲಿಸಿ ಸಂಬಳ ಪಡೆಯುವ ನನ್ನಂಥವನಿಗೆ ಈ ಮಿತವ್ಯಯ ಕಂಡು ಅಸೂಯೆಯೇ ಆಗುತ್ತದೆ.

ಇದರ ಮೂಲ ಇರುವುದು ನೆಲದ ಮೇಲಲ್ಲ, ಹಡಗಿನಲ್ಲಿ. ಉಗಿಯಂತ್ರದ ಬಲವನ್ನು ಹಡಗಿನ ತಿರುಪಿಗೆ ದ್ರವದ ಮೂಲಕ ದಾಟಿಸಬಹುದೆಂದು ಹರ್ಮನ್ ಫಟಿಂಗರ್ ಎಂಬ ಜರ್ಮನ್ ಇಂಜಿನಿಯರು 1905ರಲ್ಲಿ ಹಕ್ಕುಪತ್ರ ಪಡೆದ. ತತ್ತ್ವ ಸರಳ. ಎರಡು ಫ್ಯಾನುಗಳನ್ನು ಎದುರುಬದುರಾಗಿ ಇಟ್ಟು ಒಂದನ್ನು ಹಚ್ಚಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುವುದಷ್ಟೆ; ಗಾಳಿಯ ಬದಲಿಗೆ ಎಣ್ಣೆ ಎಂದುಕೊಳ್ಳಿ. ಅಮೆರಿಕದಲ್ಲಿ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಇಂಥ ದ್ರವದ ಜೋಡಣೆ ಇದ್ದ ಸ್ವಯಂಚಾಲಿತ ಗೇರುಪೆಟ್ಟಿಗೆ ಮಾರಾಟಕ್ಕೆ ಬಂತು. ನಮ್ಮಲ್ಲಿ ಕಡಿಮೆ ಬೆಲೆಯ ಕಾರಿಗೂ ಕ್ಲಚ್ಚಿಲ್ಲದ ಸುಖ ಇಳಿದದ್ದು 2014ರಲ್ಲಿ. ಅಲ್ಲಿ ಇರುವುದು ಹಳೆಯ ಗೇರುಪೆಟ್ಟಿಗೆಯೇ, ಕ್ಲಚ್ಚು ಒತ್ತುವ ಮತ್ತು ಗೇರು ಬದಲಿಸುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಅಂಬಾಸಡರ್ ಕಾರಿನ ತಯಾರಿಕೆ ನಿಂತದ್ದೂ ಅದೇ ವರ್ಷ.

ಈ ಕಾಕತಾಳೀಯವನ್ನು ನಮ್ಮ ಮಾವನವರ ಮುಂದೆ ಹೇಳುವಂತಿಲ್ಲ. ಅವರು ಬಹಳ ವರ್ಷ ಅಂಬಾಸಡರ್ ಓಡಿಸಿದವರು. ನನ್ನ ಕಾರಿನಲ್ಲಿ ಕೂತಾಗಲೆಲ್ಲ ಅವರ ಎಡಗಾಲು ಇಲ್ಲದ ಕ್ಲಚ್ಚನ್ನು ತುಳಿಯುತ್ತಿರುತ್ತದೆ.

ಕಳೆದ ವರ್ಷ ಮಂಗಳೂರಿನಲ್ಲಿ ಅವರಿಗೆ ಕಣ್ಣಿನ ಪೊರೆ ತೆಗೆಸಿ, ಮರುದಿನದ ತಪಾಸಣೆ ಮುಗಿಸಿಕೊಂಡು ಹಾಸನಕ್ಕೆ ಹೊರಟಿದ್ದೆವು. ಬಗ್ಗಬಾರದು, ಭಾರ ಎತ್ತಬಾರದು, ಧೂಳು ಸೋಕಬಾರದು, ಹೊತ್ತುಹೊತ್ತಿಗೆ ಹನಿ ಹಾಕಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿರುವಾಗ ಸಂಜೆಯಾಯಿತು. ಇದ್ದಕ್ಕಿದ್ದಂತೆ ಇಂಜಿನ್ನಿನ ದನಿ ಏರಿತು, ವೇಗ ಇಳಿಯಿತು. ಕಾಲೊತ್ತಿದಷ್ಟೂ ಕೂಗೇ ಹೊರತು ಎಳೆತವಿಲ್ಲ. ಮಾವನವರು ಕಪ್ಪು ಕನ್ನಡಕದ ಹಿಂದಿನಿಂದಲೇ ರೋಗನಿದಾನ ಮಾಡಿದರು: "ಅಳಿಯಂದಿರೇ, ಇಂಜಿನ್ನು ಓಡ್ತಾ ಇದೆ, ಗಾಡಿ ಓಡ್ತಾ ಇಲ್ಲ."

ಉಳಿದಿದ್ದ ಓಟದಲ್ಲೇ ಎಡಕ್ಕೆ ಸರಿಸಿ ನಿಲ್ಲಿಸಿ, ನಾಲ್ಕು ಮೂಲೆಯ ದೀಪ ಮಿನುಗಿಸಿದೆ. ಏರಿನಲ್ಲಿ ನಿಂತಾಗ ಮೊದಲು ಹ್ಯಾಂಡ್‌ಬ್ರೇಕು, ಆಮೇಲೆ ಪಿ. ಏಕೆಂದರೆ ಪಿ ಎಂಬುದು ಒಳಗೆ ಒಂದು ಹಲ್ಲಿಗೆ ಸಿಕ್ಕಿಸಿದ ಪುಟ್ಟ ಕೊಕ್ಕೆ. ಕಾರಿನ ಭಾರವನ್ನೆಲ್ಲ ಅದರ ಮೇಲೆ ಹೇರಬಾರದು. ಮಾವನವರನ್ನೂ ಹೆಂಡತಿಯನ್ನೂ ಇಳಿಸಿ ರಸ್ತೆಯ ಅಂಚಿನಾಚೆ ನಿಲ್ಲಿಸಿದೆ. ಕೆಂಪು ತ್ರಿಕೋನವನ್ನು ಕೆಳಗಿನ ತಿರುವಿಗಿಂತ ಹಿಂದೆಯೇ ಇಟ್ಟು ಬಂದೆ. ತಿರುವು ದಾಟಿದ ಮೇಲೆ ಕಂಡರೆ ಲಾರಿಯವನಿಗೆ ಬ್ರೇಕು ಒತ್ತಲು ಹೊತ್ತಿರುವುದಿಲ್ಲ. ಕಾರಿನಡಿಯಿಂದ ಕೆಂಪು ಎಣ್ಣೆ ಇಳಿಜಾರಿಗೆ ಹರಿಯುತ್ತಿತ್ತು. ಈ ಪೆಟ್ಟಿಗೆಯ ಎಣ್ಣೆಗೆ ಸಾಮಾನ್ಯವಾಗಿ ಕೆಂಪು ಬಣ್ಣ ಬೆರೆಸಿರುತ್ತಾರೆ, ಸೋರಿದರೆ ಗುರುತು ಹತ್ತಲಿ ಎಂದು. ಅಲ್ಲಿ ರಸ್ತೆಯ ಜೊತೆಗೆ ಹರಿಯುವ ಹೊಳೆಯ ಹೆಸರೂ ಕೆಂಪುಹೊಳೆಯೇ. ಬೇರೆ ಸಮಯವಾಗಿದ್ದರೆ ಶ್ಲೇಷೆಗೆ ಸಂತೋಷಪಡುತ್ತಿದ್ದೆ.

"ಕಲ್ಲು," ಎಂದರು ಮಾವನವರು. "ಹಿಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಡಿ. ದುಂಡಗಿನದಲ್ಲ, ಚಪ್ಪಟೆ ಮುಖ ಇರೋದು." ತಾವೇ ಬಗ್ಗಲು ಹೊರಟವರನ್ನು ಮಗಳು ತೋಳು ಹಿಡಿದು ತಡೆದಳು. ಅವರು ನಿಂತಲ್ಲಿಂದಲೇ ಹೇಳಿದಂತೆ ನಾನು ಕಲ್ಲು ತಂದು ಒತ್ತಿ ಕೂರಿಸಿದೆ.

ನಮ್ಮ ಜನ ಒಳ್ಳೆಯವರು. ಒಂದು ಜೀಪು ನಿಂತು ನಾಲ್ವರು ಹುಡುಗರು ಇಳಿದರು: "ತಳ್ಳೋಣ ಸಾರ್!" ಹಳೆಯ ಕಾರಾದರೆ ಅದೇ ಮದ್ದು, ಎರಡನೇ ಗೇರಿಗೆ ಹಾಕಿ ತಳ್ಳಿದರೆ ಸತ್ತ ಇಂಜಿನ್ನೂ ಏಳುತ್ತಿತ್ತು. ಇಲ್ಲಿ ಇಂಜಿನ್ನಿಗೂ ಚಕ್ರಕ್ಕೂ ನಡುವೆ ಇರುವುದು ಎಣ್ಣೆಯ ಸಂಬಂಧ. ತಳ್ಳಿದರೆ ಬೆವರು ಬರುವುದೇ ಹೊರತು ಬೇರೇನೂ ಇಲ್ಲ. ಆಮೇಲೆ ಒಬ್ಬ ಲಾರಿ ಡ್ರೈವರು ಬಂದು, "ಹಗ್ಗ ಇದೆ, ಸಕಲೇಶಪುರದವರೆಗೂ ಎಳ್ಕೊಂಡು ಹೋಗ್ತೀನಿ" ಎಂದ. ಅದೂ ಆಗದು. ಪೆಟ್ಟಿಗೆಯೊಳಗೆ ಎಣ್ಣೆ ಹಾಯಿಸುವ ಪಂಪು ಇಂಜಿನ್ನಿನೊಡನೆ ತಿರುಗುವಂಥದು. ಇಂಜಿನ್ನು ನಿಲ್ಲಿಸಿ ಎಳೆದರೆ ಚಕ್ರಗಳು ಒಣ ಹಲ್ಲುಗಳನ್ನು ತಿರುಗಿಸುತ್ತ ಹೋಗಿ, ಉಳಿದದ್ದೂ ಸವೆದುಹೋಗುತ್ತದೆ. ಎಳೆಯುವ ಚಕ್ರಗಳು ನೆಲ ಬಿಡಬೇಕು, ಇಲ್ಲವೆ ಕಾರನ್ನೇ ಇಡಿಯಾಗಿ ಹೊತ್ತೊಯ್ಯುವ ಲಾರಿ ಬರಬೇಕು.

ಸಹಾಯಕ್ಕೆಂದು ನಿಂತವರಿಗೆ ಬೇಡವೆನ್ನುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು. ತಳ್ಳುವ ಕೈಗಳಿಗೆ ಕೆಲಸ ಕೊಡದ ಯಂತ್ರವನ್ನು ಕಂಡು ಮಾವನವರಿಗೆ ಸಿಟ್ಟು. "ನಾಲ್ಕಾಳು ಸೇರಿದ್ರೂ ಏನೂ ಮಾಡೋಕಾಗಲ್ಲ ಅಂದ್ರೆ ಇದೆಂಥ ಗಾಡಿ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಫೋನಿಗೆ ಸಿಗ್ನಲ್ಲೂ ಇರಲಿಲ್ಲ.

ಲಾರಿ ಡ್ರೈವರು ಸ್ವಲ್ಪ ಹೊತ್ತು ಯೋಚಿಸಿ, "ನಂಬರ್ ಕೊಡಿ ಸಾರ್, ಮೇಲೆ ಹೋಗಿ ನಾನೇ ಮಾಡ್ತೀನಿ" ಎಂದ. ವಿಮೆಯವರ ನಂಬರನ್ನೂ ಹೆದ್ದಾರಿಯವರ ಸಹಾಯವಾಣಿ 1033 ಅನ್ನೂ ಅಂಗೈ ಮೇಲೆ ಬರೆದುಕೊಂಡು ಹೊರಟ. ಹನಿಯ ಹೊತ್ತಾಯಿತು. ಹೆಂಡತಿ ಬಾಟಲಿ ನೀರಿನಲ್ಲಿ ಎರಡು ಸಲ ಕೈ ತೊಳೆದಳು. ಜೀಪಿನ ಹುಡುಗರು ಮೊಬೈಲಿನ ಬೆಳಕು ಹಿಡಿದರು. ಹಾದುಹೋಗುವ ಲಾರಿಗಳ ಧೂಳಿಗೆ ಇಬ್ಬರು ಟವೆಲು ಅಡ್ಡ ಹಿಡಿದರು. ತಳ್ಳಲಾಗದ ಕೈಗಳಿಗೆ ಅಷ್ಟಾದರೂ ಕೆಲಸ ಸಿಕ್ಕಿತು.

ಎರಡು ಗಂಟೆಯ ಮೇಲೆ ಕಾರು ಹೊರುವ ಲಾರಿ ಬಂತು. ಅದರ ಡ್ರೈವರು ಇಳಿಯುತ್ತಲೇ ಹೇಳಿದ: "ಯಾರೋ ಲಾರಿಯವ್ರು ಮೂರು ಸಲ ಫೋನ್ ಮಾಡ್ಸಿದ್ರು ಸಾರ್. ಕಣ್ಣು ಆಪರೇಷನ್ ಆದ ಯಜಮಾನ್ರು ರೋಡಲ್ಲಿ ನಿಂತವ್ರೆ, ಬೇಗ ಹೋಗ್ರಿ ಅಂತ." ಅವನ ಹೆಸರು ನಮಗೆ ಗೊತ್ತಿಲ್ಲ, ಲಾರಿಯ ನಂಬರನ್ನೂ ನೋಡಿಕೊಂಡಿರಲಿಲ್ಲ.

ಎಣ್ಣೆಯನ್ನು ತಂಪುಮಾಡಲು ಒಯ್ಯುವ ರಬ್ಬರು ಕೊಳವೆಯೊಂದು ಸೀಳಿತ್ತೆಂದು ಆಮೇಲೆ ಗ್ಯಾರೇಜಿನಲ್ಲಿ ಹೇಳಿದರು. ಎಳೆಸದೆ ನಿಂತದ್ದರಿಂದ ಪೆಟ್ಟಿಗೆ ಉಳಿಯಿತು. ತಾನೇ ನಡೆಯುವ ಗಾಡಿಯ ವಿಷಯದಲ್ಲಿ ನಮ್ಮ ಪಾಲಿನ ವಿದ್ಯೆ ಬಹುಮಟ್ಟಿಗೆ ಇಷ್ಟೇ: ಅದು ನಿಂತಾಗ ಏನು ಮಾಡಬಾರದೆಂದು ತಿಳಿದಿರುವುದು.

ಆದರೆ ಮಾಡಬೇಕಾದದ್ದೂ ಒಂದು ಉಳಿದಿತ್ತು. ಕಾರು ಲಾರಿಯ ಮೇಲೇರಿ, ಡ್ರೈವರು ಪಟ್ಟಿ ಬಿಗಿದು, "ಹತ್ತಿ ಯಜಮಾನ್ರೇ" ಎಂದ. ಮಾವನವರು ಕದಲಲಿಲ್ಲ.

"ಮೊದಲು ಆ ಕಲ್ಲು ತೆಗೀರಿ. ರಾತ್ರಿ ಬೈಕಿನವನೊಬ್ಬ ಬರ್ತಾನೆ."

ಎರಡೂ ಕಲ್ಲುಗಳನ್ನು ಎತ್ತಿ ಚರಂಡಿಯಾಚೆ ಹಾಕಿದೆ. ಎಣ್ಣೆ ಚೆಲ್ಲಿದ ಕಡೆ ಹುಡುಗರು ಮಣ್ಣು ಹರಡಿದರು. ಆಮೇಲೆ ಅವರು ಲಾರಿ ಹತ್ತಿದರು.