ಮೃತ್ತಿಕೆಯ ಸಾಕ್ಷಿ

ಪಾಠಶಾಲೆಯಲ್ಲಿ ಛಾಂದೋಗ್ಯವನ್ನೋದುವಾಗ, ಒಂದು ಮಣ್ಣಿನ ಮುದ್ದೆಯನ್ನರಿತರೆ ಮೃಣ್ಮಯವೆಲ್ಲವೂ ಅರಿತಂತಾಗುವುದೆಂದು ಉದ್ದಾಲಕನು ಶ್ವೇತಕೇತುವಿಗೆ ಹೇಳಿದ ದೃಷ್ಟಾಂತವನ್ನು ಬಾಯಿಪಾಠ ಮಾಡಿದ್ದೆನು. ಅದು ಮನಸ್ಸಿಗೆ ಮುಟ್ಟಿದುದು ನಿವೃತ್ತನಾದ ಮೇಲೆ, ಒಡೆದ ಮಡಕೆಯ ಚೂರುಗಳ ವೃತ್ತಾಂತದಿಂದ.

ಒಳತಳದಲ್ಲಿ ಸಣ್ಣ ಸಣ್ಣ ಗೀರುಗಳ ವರ್ತುಲಗಳುಳ್ಳ ನಯವಾದ ತಟ್ಟೆಗಳ ಚೂರುಗಳು 1945ರಲ್ಲಿ ಅರಿಕಮೇಡಿನಲ್ಲಿಯೂ, 1947ರಲ್ಲಿ ನಮ್ಮ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿಯೂ ವ್ಹೀಲರ್ ಸಾಹೇಬರು ನಡೆಸಿದ ಉತ್ಖನನಗಳಲ್ಲಿ ದೊರೆತವು. ಆ ಅಲಂಕಾರದ ಪದ್ಧತಿಯು ರೋಮನ್ನರ ಕಡೆಯಿಂದ ಬಂದುದೆಂದು ಅವರು ಬಗೆದರು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಟ್ಟೆಗಳೇ ಪಶ್ಚಿಮದ ಕಡಲು ದಾಟಿ ಬಂದವೆಂದು ವರ್ಷವರ್ಷವೂ ಮಕ್ಕಳಿಗೆ ಪಾಠ ಹೇಳಿದೆನು.

ಆದರೆ ಕುಂಬಾರನು ರೂಪವನ್ನು ಅನುಕರಿಸಬಲ್ಲನು, ಮಣ್ಣಿನ ಹುಟ್ಟನ್ನು ಮರೆಮಾಡಲಾರನು. ಬಂಡೆಯು ಸವೆದು ಮಣ್ಣಾಗುವಾಗ ಅದರಲ್ಲಿ ಸೇರುವ ಮೂಲಧಾತುಗಳ ಪ್ರಮಾಣವು ಸೀಮೆಯಿಂದ ಸೀಮೆಗೆ ಬೇರೆ. ಆವಿಗೆಯಲ್ಲಿ ಬೆಂದರೂ ಅದು ಬಹುಮಟ್ಟಿಗೆ ಉಳಿದಿರುವುದು. 1997ರಲ್ಲಿ ವಿಶ್ವಾಸ ಗೋಗಟೆಯವರು ಎಕ್ಸ್-ಕಿರಣಗಳಿಂದ ಇಂತಹ ಚೂರುಗಳ ಖನಿಜಗಳನ್ನು ಪರೀಕ್ಷಿಸಿ, ಬಂಗಾಳದ ಚಂದ್ರಕೇತುಗಢ-ತಮ್ಲುಕ್ ಪ್ರಾಂತದ ಮಣ್ಣನ್ನು ಮೂಲವೆಂದು ತೋರಿಸಿದರು. 2005ರಲ್ಲಿ ಪ್ರಕಟವಾದ ರಾಸಾಯನಿಕ ಪರೀಕ್ಷೆಯೂ ಈ ಜಾತಿಯ ಪಾತ್ರೆಗಳಿಗೆ ಒಂದೇ ನೆಲದ ಮಣ್ಣು ಮೂಲವೆಂಬುದನ್ನೇ ಸೂಚಿಸಿತು.

ನಾಮರೂಪಗಳನ್ನು ನಂಬಿ ನಾನು ತಪ್ಪಿದೆನು. ಮೃತ್ತಿಕೆಯು ಸತ್ಯವನ್ನು ನುಡಿಯಿತು. ನನ್ನ ಶಿಷ್ಯರು ಈಗ ದೂರದೂರದ ಊರುಗಳಲ್ಲಿರುವರು. ಅವರಲ್ಲಾರಾದರೂ ಈ ಪುಟವನ್ನೋದಿದರೆ, ಅಂದಿನ ಪಾಠವನ್ನು ತಿದ್ದಿಕೊಳ್ಳಬೇಕೆಂದು ಈ ಮುದಿ ಉಪಾಧ್ಯಾಯನ ಅರಿಕೆ.