ಗುಡಿಸಿನ ದೀರ್ಘ

ಕಾಸರಗೋಡಿನ ಕಡೆಯಿಂದ ಹೊಟ್ಟೆಪಾಡಿಗಾಗಿ ಇಚಲಕರಂಜಿಗೆ ಬಂದು, ನೂಲಿನ ವ್ಯಾಪಾರದ ಲೆಕ್ಕ ಬರೆಯುತ್ತ ನನಗೆ ಮೂವತ್ತು ವರ್ಷಗಳಾದವು. ಪಂಚಗಂಗೆಯ ಪಕ್ಕದ ಈ ಊರಿನಲ್ಲಿ ಹಗಲಿರುಳು ವಿದ್ಯುತ್ ಮಗ್ಗಗಳ ಸದ್ದು. ಆ ಸದ್ದಿನ ನಡುವೆ ಮರಾಠಿ ಕಲಿತೆ. ಮನೆಯೊಳಗೆ ಕನ್ನಡ ಉಳಿಯಿತು. ಹೆಂಡತಿಯ ತವರು ಗಡಹಿಂಗ್ಲಜ. ಅಲ್ಲಿಯೂ ಅಂಗಳ ದಾಟಿದರೆ ಮರಾಠಿ, ಒಳಗೆ ಬಂದರೆ ಕನ್ನಡ. 1956ರ ನವೆಂಬರ್ 1ರ ಬಳಿಕ ಕೇರಳಕ್ಕೆ ಸೇರಿದ ನಮ್ಮ ಮನೆಗಳಲ್ಲಿ ಮರಾಠಿಯ ಜಾಗದಲ್ಲಿ ಮಲಯಾಳ ಇದೆ ಎಂಬಷ್ಟೇ ವ್ಯತ್ಯಾಸ.

ನನ್ನ ಅತ್ತೆಯವರಿಗೆ ಅಕ್ಷರ ತಿಳಿಯದು. ಆದರೆ ಬೀಸುಕಲ್ಲಿನ ಪದಗಳು ಅವರ ಬಾಯಲ್ಲಿ ನೂರಾರು ಇದ್ದವು. ಕೊಲ್ಹಾಪುರದಲ್ಲಿ ಓದುತ್ತಿದ್ದ ಹೆಂಡತಿಯ ಅಣ್ಣನ ಮಗ ಒಮ್ಮೆ ಅವನ್ನು ಧ್ವನಿಮುದ್ರಿಸಲು ಕುಳಿತಾಗ ಅವರು ಒಪ್ಪಲಿಲ್ಲ. “ಕೈಯಾಗ ಗೂಟ ಇಲ್ದ ಪದ ಹ್ಯಾಂಗ ಬರ್ತಾವ್ರಿ ಅಳಿಯಂದ್ರ?” ಎಂದು ನನ್ನನ್ನೇ ಕೇಳಿದರು. ಅಟ್ಟದಿಂದ ಬೀಸುಕಲ್ಲು ಇಳಿಸಿ ಎರಡು ಹಿಡಿ ಜೋಳ ಹಾಕಿದ ಮೇಲೆ ಹಾಡಿದರು. ಎರಡು ದಿನಗಳಲ್ಲಿ 41 ಪದಗಳಾದವು. ಮರುವರ್ಷ ಅವರು ತೀರಿಕೊಂಡರು. ಹುಡುಗ ಆ ಪದಗಳನ್ನು ತನ್ನ ಯಂತ್ರದಿಂದ ನನ್ನ ಹಳೆಯ ಕಂಪ್ಯೂಟರಿಗೆ ತುಂಬಿ, ‘ಬೀಸುವ ಪದ’ ಎಂದು ಕಡತಕೋಶಕ್ಕೆ ಹೆಸರಿಟ್ಟು ಹೋದ. ಮುಂದೆ ಅವನ ಆ ಯಂತ್ರ ಕೆಟ್ಟಿತು. ಉಳಿದದ್ದು ನನ್ನಲ್ಲಿದ್ದ ಒಂದೇ ಪ್ರತಿ.

ನನ್ನ ಕಂಪ್ಯೂಟರಿನಲ್ಲಿರುವುದು ಲಿನಕ್ಸ್. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಆರಂಭಿಸಿದ ಯುನಿಕ್ಸ್‌ನ ಮಾದರಿಯಲ್ಲಿ 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಹೊರತಂದದ್ದು. ಹಳೆಯ ಯಂತ್ರವಾದ್ದರಿಂದ ಚಿತ್ರದ ಕಿಟಕಿಗಳನ್ನು ತೆರೆಯಲು ಅದಕ್ಕೆ ಏದುಸಿರು. ಹಾಗಾಗಿ ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಟೈಪು ಮಾಡುವ ಶೆಲ್ಲನ್ನೇ ನಾನು ರೂಢಿ ಮಾಡಿಕೊಂಡೆ. ‘ಸಿ.ಡಿ.’ ಎಂದರೆ ಆ ಕೋಶದೊಳಗೆ ಹೋಗು. ‘ಪಿ.ಡಬ್ಲ್ಯು.ಡಿ.’ ಎಂದರೆ ಈಗ ನಿಂತಿರುವ ಜಾಗ ಯಾವುದೆಂದು ತಿಳಿಸು. ನಮ್ಮ ಊರಿನ ರಸ್ತೆಗಳನ್ನು ನೆನೆದರೆ, ದಾರಿ ತಿಳಿಸುವ ಪಿ.ಡಬ್ಲ್ಯು.ಡಿ. ಇದೊಂದೇ ಇರಬೇಕು!

ಅತ್ತೆಯವರ ಪುಣ್ಯತಿಥಿಗೆ ಪದಗಳನ್ನು ಗಡಹಿಂಗ್ಲಜಕ್ಕೆ ಒಯ್ಯಬೇಕೆಂದು ಕುಳಿತೆ. ‘ಸಿ.ಡಿ. ಬೀಸುವ ಪದ’ ಎಂದು ಬರೆದರೆ, ಮಾತು ಹೆಚ್ಚಾಯಿತೆಂದು ಯಂತ್ರ ಗದರಿತು. ಎರಡು ಪದಗಳ ನಡುವಿನ ತೆರವನ್ನು ಕಂಡು ಶೆಲ್ಲು ಅವನ್ನು ಎರಡು ಹೆಸರೆಂದು ತಿಳಿಯುತ್ತದೆ. ಇದು ನನಗೆ ಗೊತ್ತಿತ್ತು. ಹೆಸರಿಗೆ ಉದ್ಧರಣ ಚಿಹ್ನೆ ಹಾಕಿದೆ. ಆಗ ಅಂಥ ಕೋಶವೇ ಇಲ್ಲವೆಂದಿತು. ನಿಂತ ಜಾಗ ಕೇಳಿದೆ, ಸರಿಯಾಗಿತ್ತು. ಮೂರು ಸಲ ಬರೆದೆ, ಮೂರು ಸಲವೂ ‘ಇಲ್ಲ’. ಅಳಿಸಿಹೋಗಿರಬೇಕೆಂದು ಎದೆ ಧಸಕ್ಕೆಂದಿತು. ಗಾಬರಿಯಲ್ಲಿ ಅದೇ ಹೆಸರಿನ ಹೊಸ ಕೋಶವನ್ನು ಮಾಡಿದೆ. ತಕರಾರಿಲ್ಲದೆ ಆಯಿತು. ಪಟ್ಟಿ ತೆರೆದು ನೋಡಿದರೆ ‘ಬೀಸುವ ಪದ’, ‘ಬೀಸುವ ಪದ’ ಎಂದು ಒಂದರ ಪಕ್ಕ ಇನ್ನೊಂದು!

ಒಂದೇ ಹೆಸರು ಎರಡಿರಬಾರದು. ಹೆಚ್ಚಿನದನ್ನು ಅಳಿಸೋಣವೆಂದು, ಅಳಿಸುವ ಆಜ್ಞೆಯ ಮುಂದೆ ‘ಬ’ ಬರೆದು ನಕ್ಷತ್ರ ಚಿಹ್ನೆ ಹಾಕಿದೆ. ಒತ್ತಬೇಕಾದದ್ದು ಒಂದೇ ಕೀಲಿ. ಆದರೆ ತಾಳೆ ನೋಡದೆ ಯಾವ ಜಮೆಯನ್ನೂ ಹೊಡೆದುಹಾಕಬಾರದೆಂಬ ಲೆಕ್ಕದವನ ಅಭ್ಯಾಸ ಬೆರಳನ್ನು ತಡೆಯಿತು. ಅಳಿಸುವ ಆಜ್ಞೆಯನ್ನು ತೆಗೆದು, ಅದೇ ನಕ್ಷತ್ರಕ್ಕೆ ಪಟ್ಟಿ ಮಾತ್ರ ಕೇಳಿದೆ. ಒಂದು ಕೋಶ ಖಾಲಿ, ಇನ್ನೊಂದರಲ್ಲಿ 41 ಪದಗಳು. ನಕ್ಷತ್ರವು ‘ಬ’ದಿಂದ ಮೊದಲಾಗುವ ಎರಡನ್ನೂ ಹಿಡಿದಿತ್ತು. ಆ ಕೀಲಿ ಒತ್ತಿದ್ದರೆ ಅತ್ತೆಯವರ ದನಿ ಹೋಗುತ್ತಿತ್ತು.

ಹುಡುಗನಿಗೆ ಫೋನು ಮಾಡಿದೆ. ಅವನು ಹೆಸರುಗಳ ಹಿಂದಿರುವ ಅಂಕೆಗಳನ್ನು ತೋರಿಸುವ ಆಜ್ಞೆಯೊಂದನ್ನು ಹೇಳಿದ. ನೋಡಿ, ಕನ್ನಡದ ಪ್ರತಿ ಚಿಹ್ನೆಯೂ ಕಂಪ್ಯೂಟರಿನಲ್ಲಿ ಮೂರು ಬೈಟುಗಳಾಗಿ ಕೂರುತ್ತದೆ. ಆ ಯುಟಿಎಫ್-8 ಪದ್ಧತಿಯನ್ನು ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದರು. ನಾನು ಬರೆದ ‘ಬೀ’ಯಲ್ಲಿ ಗುಡಿಸು ಮತ್ತು ದೀರ್ಘ ಸೇರಿ ಒಂದೇ ಚಿಹ್ನೆ, ಮೂರು ಬೈಟು. ಅವನ ಯಂತ್ರ ಬರೆದದ್ದರಲ್ಲಿ ಗುಡಿಸು ಬೇರೆ, ದೀರ್ಘ ಬೇರೆ, ಒಟ್ಟು ಆರು ಬೈಟು. ಯುನಿಕೋಡ್‌ನ ನಿಯಮದಂತೆ ಎರಡೂ ಸಮಾನ, ಕಣ್ಣಿಗೂ ಒಂದೇ. ಆದರೆ ಲಿನಕ್ಸ್ ಸಾಮಾನ್ಯವಾಗಿ ಹೆಸರನ್ನು ಓದುವುದಿಲ್ಲ, ಬೈಟುಗಳನ್ನು ಹೋಲಿಸುತ್ತದೆ ಅಷ್ಟೆ. ಒಂದನೆಯ ತರಗತಿಯಲ್ಲಿ ‘ಬ ಗುಡಿಸು ಬಿ, ಗುಡಿಸಿನ ದೀರ್ಘ ಬೀ’ ಎಂದು ರಾಗವಾಗಿ ಹೇಳಿದ್ದು ನೆನಪಾಗಿ ನಗು ಬಂತು. ಅವನ ಯಂತ್ರ ನಮ್ಮ ಮಾಸ್ತರರ ಪಾಠವನ್ನೇ ಪಾಲಿಸಿತ್ತು.

“ಮಾಮಾ, ಖಾಲಿ ಕೋಶ ಅಷ್ಟ ತೆಗಿಯೂ ಆಜ್ಞೆ ಬ್ಯಾರೆ ಐತ್ರಿ. ತುಂಬಿದ್ದನ್ನ ಅದು ಮುಟ್ಟೂದಿಲ್ಲ” ಎಂದ. ಹಾಗೆಯೇ ಮಾಡಿದೆ. ಖಾಲಿಯದು ಹೋಯಿತು, ತುಂಬಿದ್ದು ಖಾಲಿಯಿಲ್ಲವೆಂದು ಹೇಳಿ ಉಳಿಯಿತು. ಮುಂದೆ ತೊಂದರೆ ಬೇಡ, ಇಂಗ್ಲಿಷಿನಲ್ಲಿ ಹೆಸರಿಡಿ ಎಂದೂ ಹೇಳಿದ. ಅದೊಂದು ಮಾತನ್ನು ನಾನು ಕೇಳಲಿಲ್ಲ. ನಡುವಿನ ತೆರವಿನಲ್ಲಿ ಅಡಿಗೆರೆ ಹಾಕಿ, ನನ್ನ ಕೀಲಿಮಣೆಯಿಂದಲೇ ‘ಬೀಸುವ_ಪದ’ ಎಂದು ಹೊಸದಾಗಿ ಬರೆದೆ.

ಯಂತ್ರದ ಮೇಲೆ ನನಗೆ ಸಿಟ್ಟು ಬರಲಿಲ್ಲ. ಊರಿನ ಕಚೇರಿಯೊಂದರಲ್ಲಿ ಒಮ್ಮೆ ನನ್ನ ಎರಡು ಕಾಗದಗಳನ್ನು ಮುಂದಿಟ್ಟಿದ್ದೆ. ಶಾಲೆಯ ಕಾಗದದಲ್ಲಿ ಹೆಸರು ಕನ್ನಡದಲ್ಲಿತ್ತು; ಇನ್ನೊಂದರಲ್ಲಿ ಮಲಯಾಳಕ್ಕೆ ಹೋಗಿ ಇಂಗ್ಲಿಷಿಗೆ ಬರುವಾಗ ಒಂದಕ್ಷರ ಬದಲಾಗಿತ್ತು. ಇವರಿಬ್ಬರೂ ಬೇರೆ ಬೇರೆ ಎಂದರು. ಎದುರಿಗೆ ನಿಂತ ಮನುಷ್ಯ ಒಬ್ಬನೇ ಆಗಿದ್ದೆ. ಗಡಹಿಂಗ್ಲಜದ ಮನೆಯವರ ಪಾಡೂ ಇದೇ. ಮರಾಠಿಯ ಬರವಣಿಗೆಯಲ್ಲಿ ನಮ್ಮ ಹ್ರಸ್ವ ಎಕಾರ, ಒಕಾರಗಳಿಗೆ ಬೇರೆ ಅಕ್ಷರವಿಲ್ಲ. ಗಡಿಯ ಜನರ ಹೆಸರುಗಳಿಗೆ ಹೀಗೆ ದೀರ್ಘ ಬಂದು ಸೇರುತ್ತದೆ, ಕೆಲವೊಮ್ಮೆ ಕಳಚಿ ಬೀಳುತ್ತದೆ.

ಪುಣ್ಯತಿಥಿಯ ದಿನ ಗಡಹಿಂಗ್ಲಜದ ಪಡಸಾಲೆಯಲ್ಲಿ ಪದಗಳನ್ನು ಹಚ್ಚಿದೆವು. ಮೊದಲು ಕಲ್ಲು ತಿರುಗುವ ಸದ್ದು, ಆಮೇಲೆ ಅತ್ತೆಯವರ ದನಿ. ಮರಾಠಿ ಶಾಲೆಗೆ ಹೋಗುವ ಮೊಮ್ಮಗಳು ಹತ್ತಿರ ಬಂದು ಕುಳಿತು, ಅರ್ಥವಾಗದ ಒಂದು ಮಾತನ್ನು ತಾಯಿಯ ಬಳಿ ಕೇಳಿದಳು. ತಾಯಿ ಕನ್ನಡದಲ್ಲೇ ಹೇಳಿದಳು. ಈಗ ಆ ಪದಗಳ ಪ್ರತಿಗಳು ಮೂರು ಮನೆಗಳಲ್ಲಿವೆ.