ಹಿಂದಿನ ಚಕ್ರದ ನಿದಾನ

ನಿದಾನವೆಂದರೆ ಸಂಸ್ಕೃತದಲ್ಲಿ ಮೂಲಕಾರಣ. ರೋಗದ ಹುಟ್ಟನ್ನು ವಿಚಾರಿಸುವ ಶಾಸ್ತ್ರಕ್ಕೂ ಅದೇ ಹೆಸರು; ಮಾಧವಕರನ ‘ಮಾಧವನಿದಾನ’ವು ಈ ವಿಷಯಕ್ಕೇ ಮೀಸಲಾದ ಗ್ರಂಥವಾಗಿದೆ. ದಕಾರವನ್ನು ಮಹಾಪ್ರಾಣ ಮಾಡಿ ‘ನಿಧಾನ’ವೆಂದರೆ ನಮ್ಮ ಕನ್ನಡಿಗರಿಗೆ ಸಾವಕಾಶವೆಂದು ಅರ್ಥ. ಇವೆರಡನ್ನು ಬೆರೆಸಬಾರದೆಂದು ಪಾಠಶಾಲೆಯಲ್ಲಿ ಹುಡುಗರಿಗೆ ಬಹುಕಾಲ ಬೋಧಿಸಿದೆವು. ಆದರೆ ಗೃಹಕೃತ್ಯದಲ್ಲಿ ಎರಡನೆಯದಿಲ್ಲದೆ ಮೊದಲನೆಯದು ಕೈಗೂಡುವುದಿಲ್ಲವೆಂಬುದಕ್ಕೆ ಮೋಟಾರು ಗಾಡಿಯ ಒಂದು ಟೈರು ಉತ್ತಮ ದೃಷ್ಟಾಂತವಾಗಿದೆ.

ಆಲೂರು, ಬಾಳ್ಳುಪೇಟೆ, ಸಕಲೇಶಪುರಗಳ ಕಡೆಯಲ್ಲಿ ಮನೆಮಾಡಿರುವವರಿಗೆ ಟೈರು ಅಲ್ಪವಸ್ತುವಲ್ಲ. ತೋಟದ ದಾರಿಗಳು ಕಲ್ಲು, ಕೊರಕಲು, ಚರಂಡಿಗಳಿಂದ ಕೂಡಿರುವುವು. ಹೆದ್ದಾರಿಗೆ ಬಂದು ಪಶ್ಚಿಮಾಭಿಮುಖವಾಗಿ ಹೊರಟರೆ ಶಿರಾಡಿ ಘಾಟಿಯ ಇಳಿಜಾರು. ಆರಿದ್ರೆ, ಪುನರ್ವಸು ಮಳೆಗಳಲ್ಲಿ ರಸ್ತೆಯ ಮೇಲೆ ನೀರು ಹಾಳೆಯಂತೆ ಹರಿಯುತ್ತಿರುವುದು. ಆ ನೀರನ್ನು ಚಕ್ರದಡಿಯಿಂದ ಹೊರದೂಡುವುದು ಟೈರಿನ ಮೇಲಿನ ಗೀರುಗಳ ಕೆಲಸ. ಗೀರು ಸವೆದರೆ ರಬ್ಬರು ನೆಲವನ್ನು ಮುಟ್ಟದೆ ನೀರಿನ ಮೇಲೆ ತೇಲುವುದು. ಮುಂದಿನ ಚಕ್ರ ಜಾರಿದರೆ ಅದರ ಸೂಚನೆ ಸ್ಟಿಯರಿಂಗ್ ಹಿಡಿದ ಕೈಗೆ ತಿಳಿಯುವುದು. ಹಿಂದಿನ ಚಕ್ರ ಜಾರಿದರೆ ಗಾಡಿಯು ಬಾಲ ಬೀಸಿ ತಿರುಗಿಬಿಡುವುದು, ಆಗ ಅದನ್ನು ಸರಿಪಡಿಸಿಕೊಳ್ಳಲು ನುರಿತವನಿಗೂ ಕಷ್ಟ. ಹೀಗಿದ್ದರೂ ಜನರು ಮುಂದಿನ ಚಕ್ರಗಳನ್ನೇ ನೋಡುವರು; ಹಿಂದಿನವು ಸುಮ್ಮನೆ ಹಿಂಬಾಲಿಸುವುವೆಂದು ಭಾವಿಸುವರು.

2022ರಲ್ಲಿ ನಮ್ಮ ಮನೆಯ ಚಿಕ್ಕ ಕಾರಿನ ಎಡಗಡೆಯ ಹಿಂದಿನ ಟೈರು ಒಳಅಂಚಿನಲ್ಲಿ ತಂತಿ ಕಾಣುವವರೆಗೆ ಸವೆದುಹೋಗಿತ್ತು. ಹೊರಗಿನಿಂದ ನೋಡುವವರಿಗೆ ಅದು ಹೊಸದರಂತೆಯೇ ಇದ್ದಿತು. ಅಂಗಡಿಯವರು ಹಿಂದಕ್ಕೆ ಎರಡು ಹೊಸ ಟೈರುಗಳನ್ನು ಹಾಕಿ, ಮುಂದಿನ ಚಕ್ರಗಳ ಅಲೈನ್‌ಮೆಂಟ್ ಮಾತ್ರ ನೋಡಿ, ಹಣ ಪಡೆದು ಕಳುಹಿಸಿದರು. ಐದು ಸಾವಿರ ಕಿಲೋಮೀಟರು ಓಡುವಷ್ಟರಲ್ಲಿ ಅದೇ ಮೂಲೆಯ ಹೊಸ ಟೈರೂ ಅದೇ ಅಂಚಿನಲ್ಲಿ ಸವೆಯತೊಡಗಿತು. ನಮ್ಮ ತಮ್ಮನು ಕೋಪಗೊಂಡು, “ಇದು ಡ್ರೈವರ್ ಹುಡುಗನ ಒರಟು ಕೈಯ ಕೆಲಸ, ಅವನನ್ನು ಬಿಡಿಸಿಬಿಡೋಣ, ಅಣ್ಣಯ್ಯ” ಎಂದನು. ಆ ಹುಡುಗನ ಸಂಬಳದ ಮೇಲೆ ಅವನ ತಾಯಿ, ತಂಗಿಯರ ಜೀವನ ನಡೆಯುತ್ತಿದ್ದಿತು. ಕೆಲಸ ಹೋಗುವುದಕ್ಕಿಂತಲೂ ಹೆಚ್ಚಾಗಿ, ಗಾಡಿ ಹಾಳುಮಾಡಿದವನೆಂಬ ಅಪವಾದ ಹೊತ್ತವನಿಗೆ ಈ ಸೀಮೆಯ ಬೇರೆ ತೋಟಗಳಲ್ಲಿ ಕೆಲಸ ಸಿಕ್ಕುವುದು ದುರ್ಲಭ. ಒಂದು ವಾರ ತಾಳಬೇಕೆಂದು ತಮ್ಮನಿಗೆ ಹೇಳಿದೆವು.

ಟೈರಿನ ಸವೆತವು ಒಂದು ಲಿಪಿಯಂತಿದೆ. ಅಕ್ಷರ ಬಲ್ಲವನಿಗೆ ಅರ್ಥವಾಗುವುದು. ಎರಡು ಅಂಚುಗಳೂ ಸವೆದು ನಡುವೆ ಉಳಿದಿದ್ದರೆ ಗಾಳಿ ಕಡಿಮೆಯಾಗಿ ಓಡಿದೆ. ನಡುವೆ ಸವೆದು ಅಂಚುಗಳು ಉಳಿದಿದ್ದರೆ ಗಾಳಿ ಹೆಚ್ಚಾಗಿದೆ. ಸುತ್ತಲೂ ಅಲ್ಲಲ್ಲಿ ಬಟ್ಟಲಿನಂತೆ ತಗ್ಗುಗಳಿದ್ದರೆ ಶಾಕ್ ಅಬ್ಸಾರ್ಬರ್ ದುರ್ಬಲವಾಗಿರಬಹುದು, ಇಲ್ಲವೆ ಚಕ್ರದ ಸಮತೂಕ ತಪ್ಪಿರಬಹುದು. ಒಂದೇ ಕಡೆಯಲ್ಲಿ ಚಪ್ಪಟೆಯಾಗಿದ್ದರೆ ಬ್ರೇಕು ಹಿಡಿದ ಚಕ್ರವು ಉರುಳದೆ ಜಾರಿದೆ. ಒಂದೇ ಅಂಚು ನುಣ್ಣಗೆ ಸವೆದಿದ್ದರೆ ಚಕ್ರವು ಆ ಕಡೆಗೆ ಭಾರಬಿಟ್ಟು ವಾಲಿದೆ. ಅಂಗೈಯಿಂದ ಅಡ್ಡಲಾಗಿ ಸವರಿದಾಗ ಒಂದು ದಿಕ್ಕಿಗೆ ನುಣುಪಾಗಿಯೂ ಮರುದಿಕ್ಕಿಗೆ ಗರಗಸದಂತೆಯೂ ತೋರಿದರೆ, ಚಕ್ರವು ಗಾಡಿಯ ದಾರಿಗೆ ನೇರವಾಗಿರದೆ ಓರೆಯಾಗಿ ನೆಲವನ್ನು ಉಜ್ಜುತ್ತ ಹೋಗುತ್ತಿದೆಯೆಂದು ತಿಳಿಯತಕ್ಕದ್ದು.

ನಮ್ಮ ಟೈರು ಅಂಗೈಗೆ ಗರಗಸವಾಗಿಯೇ ತೋರಿತು. ಇನ್ನು ತರ್ಕಶಾಸ್ತ್ರದ ಅನ್ವಯ ವ್ಯತಿರೇಕಗಳನ್ನು ಪ್ರಯೋಗಿಸುವುದಷ್ಟೇ ಉಳಿದಿದ್ದಿತು. ಟೈರು ಬದಲಾದರೂ ಆ ಮೂಲೆಯಲ್ಲಿ ದೋಷ ಬದಲಾಗಲಿಲ್ಲ. ಆದುದರಿಂದ ದೋಷವು ಟೈರಿನದಲ್ಲ. ಅದೇ ದಿನ ಹಾಕಿದ ಬಲಗಡೆಯ ಟೈರು, ಅದೇ ದಾರಿಯಲ್ಲಿ, ಅದೇ ಕೈಯಲ್ಲಿ ಓಡಿಯೂ ಸಮವಾಗಿದೆ. ಆದುದರಿಂದ ದೋಷವು ದಾರಿಯದೂ ಅಲ್ಲ, ಕೈಯದೂ ಅಲ್ಲ. ತಿರುವುಗಳಲ್ಲಿ ಒರಟಾಗಿ ಓಡಿಸುವವನ ಗಾಡಿಯಲ್ಲಿ ಮುಖ್ಯವಾಗಿ ಮುಂದಿನ ಟೈರುಗಳ ಹೊರಅಂಚು ಸವೆಯುವುದು. ಇಲ್ಲಿಯಾದರೋ ಅವು ನಿರ್ದೋಷವಾಗಿವೆ. ಹುಡುಗನ ಮೇಲೆ ಹೊರಿಸಿದ ಹೇತುವು ಬರಿಯ ಹೇತ್ವಾಭಾಸ. ಹಿಂದೆ ಎತ್ತಿನ ಗಾಡಿಯ ಕಾಲದಲ್ಲಿ ಹಿರಿಯರು ಮಣ್ಣಿನ ಮೇಲಣ ಜಾಡನ್ನು ನೋಡಿಯೇ ಅಚ್ಚು ಬಾಗಿದೆಯೆಂದು ಹೇಳುತ್ತಿದ್ದರು, ಎತ್ತನ್ನು ಹೊಡೆಯುತ್ತಿರಲಿಲ್ಲ.

ಸಕಲೇಶಪುರದ ಒಬ್ಬ ಹಳೆಯ ಮೆಕ್ಯಾನಿಕ್‌ನ ಬಳಿಗೆ ಗಾಡಿಯನ್ನು ಒಯ್ದೆವು. ಆತನು ಅಡಿಗೆ ತೂರಿ ನೋಡಿ, ಎದ್ದು, “ಮೇಷ್ಟ್ರೇ, ಚಪ್ಪಲಿ ಬದಲಾಯಿಸಿದ್ರೆ ಸೊಟ್ಟ ಕಾಲು ನೆಟ್ಟಗಾಗುತ್ತಾ?” ಎಂದನು. ನಾಲ್ಕು ಚಕ್ರಗಳನ್ನೂ ಒಟ್ಟಿಗೆ ಅಳೆಯುವ ಯಂತ್ರದ ಮೇಲೆ ನಿಲ್ಲಿಸಿದಾಗ, ಎಡ ಹಿಂಚಕ್ರದ ಮುಂಭಾಗವು ಹೊರಕ್ಕೆ ತಿರುಗಿರುವುದು ಸ್ಪಷ್ಟವಾಯಿತು. ಇಂತಹ ಚಿಕ್ಕ ಕಾರುಗಳಲ್ಲಿ ಹಿಂದಿನ ಚಕ್ರಗಳೆರಡೂ ಒಂದು ಉಕ್ಕಿನ ತೊಲೆಗೆ ಸೇರಿರುವುವು. ಮುಂದಿನವುಗಳಂತೆ ತಿರುಪು ತಿರುಗಿಸಿ ಸರಿಪಡಿಸುವ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಓರೆ ಕಂಡರೆ ಯಾವುದೋ ಲೋಹ ಬಾಗಿರಬೇಕು, ಇಲ್ಲವೆ ಬೇರಿಂಗ್, ಬುಷ್ ಸವೆದಿರಬೇಕು. ನಮ್ಮದರಲ್ಲಿ ಚಕ್ರವು ಕೂರುವ ಅಚ್ಚಿನ ತುಂಡು ಬಾಗಿದ್ದಿತು. ಹಿಂದಿನ ವರ್ಷ ಮದುವೆಯೊಂದರಿಂದ ರಾತ್ರಿ ಹಿಂದಿರುಗುವಾಗ ಆ ಚಕ್ರವು ಮೋರಿಯ ಕಲ್ಲಿಗೆ ಬಡಿದು ಚರಂಡಿಗೆ ಇಳಿದುದು ಆಗ ಎಲ್ಲರ ನೆನಪಿಗೆ ಬಂದಿತು. ಆ ರಾತ್ರಿ ಹುಡುಗನು ರಜೆಯಲ್ಲಿದ್ದನು. ಗಾಡಿ ನಡೆಸಿದವನು ತಮ್ಮನ ಮಗ. ತಮ್ಮನು ಏನೂ ಮಾತನಾಡಲಿಲ್ಲ. ಆದರೆ ಮುಂದಿನ ತಿಂಗಳಿನಿಂದ ಹುಡುಗನ ಸಂಬಳವು ತುಸು ಹೆಚ್ಚಿತು. ಬಾಗಿದ ತುಂಡನ್ನು ಬದಲಾಯಿಸಿದ ಮೇಲೆ ಹಾಕಿದ ಟೈರು ಇಂದಿಗೂ ಸಮವಾಗಿ ಸವೆಯುತ್ತಿದೆ.

ಗೃಹಸ್ಥರಾದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ತಿಂಗಳಿಗೊಮ್ಮೆ, ಗಾಡಿ ನಿಂತು ಟೈರು ತಣ್ಣಗಿರುವಾಗ, ಗಾಳಿಯನ್ನು ಅಳೆಯಿಸಿರಿ; ತಯಾರಕರು ಹೇಳಿದ ಪ್ರಮಾಣವು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವುದು. ದೀಪ ಹಿಡಿದು ಬಗ್ಗಿ ಟೈರುಗಳ ಒಳಅಂಚನ್ನೂ ನೋಡಿರಿ. ಗೀರುಗಳ ತಳದಲ್ಲಿ ಅಡ್ಡಲಾಗಿ ಚಿಕ್ಕ ದಿಣ್ಣೆಗಳಿರುವುವು. ಕಾರಿನ ಟೈರಿನಲ್ಲಿ ಅವುಗಳ ಎತ್ತರ 1.6 ಮಿಲಿಮೀಟರು. ರಬ್ಬರು ಸವೆದು ಅವುಗಳ ಮಟ್ಟಕ್ಕೆ ಬಂದರೆ ಆ ಟೈರನ್ನು ತೆಗೆಯಲೇಬೇಕು. ಹೊಸ ಟೈರು ಎರಡೇ ಕೊಳ್ಳುವುದಾದರೆ ಅವು ಹಿಂದಕ್ಕಿರಲಿ. ಒಂದೇ ಮೂಲೆ ಬೇಗ ಸವೆದರೆ ಕಾರಣ ತಿಳಿಯುವ ಮೊದಲು ಟೈರಿಗೆ ಹಣ ಕೊಡಬೇಡಿರಿ. ಯಾರ ಮೇಲೂ ದೋಷ ಹೊರಿಸಬೇಡಿರಿ. ಈ ಪರೀಕ್ಷೆಗೆ ಅರ್ಧ ಗಂಟೆ ಸಾಕು. ಮೃಗಶಿರೆ ಹಿಡಿಯುವ ಮೊದಲೇ ಅದು ಮುಗಿದಿದ್ದರೆ ಘಾಟಿ ಇಳಿಯುವವರಿಗೂ, ಮನೆಯಲ್ಲಿ ಕಾದಿರುವವರಿಗೂ ನೆಮ್ಮದಿ.